ಊರಿನ ಫುಟ್‌ಬಾಲ್ ಲೀಗ್, ಕಪ್ ನಡೆಸುವವರಿಗೆ: ಮೈದಾನ ಅಳೆಯುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಊರಿನ ಫುಟ್‌ಬಾಲ್ ಟೂರ್ನಮೆಂಟ್ ಎಂದ ಕೂಡಲೇ ನಮ್ಮ ಕಡೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಶನಿವಾರ ಶುರುವಾಗಿ ಭಾನುವಾರ ಸಂಜೆ ಮುಗಿಯುವ, ಸೋತವರು ಹೊರಹೋಗುವ ನಾಕೌಟ್. ಫ್ಲೆಕ್ಸ್, ಮೈಕು, ಶಾಮಿಯಾನ, ಎತ್ತರದ ಟ್ರೋಫಿ ಎಲ್ಲ ಇರುತ್ತದೆ. ಆದರೆ ಮೊದಲ ಸುತ್ತು ಮುಗಿದಾಗ ಬಂದ ತಂಡಗಳಲ್ಲಿ ಅರ್ಧ ಮನೆಗೆ ಹೊರಟಿರುತ್ತವೆ. ಹೊಸನಗರದ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ಹುಡುಗರು ಒಂದು ತಾಸು ಆಡಿ, ಒಂದು ಗೋಲಿನಿಂದ ಸೋತು, ಮತ್ತೊಂದು ಟೂರ್ನಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕು. ಆಟ ಬೆಳೆಯುವುದು ಸೋತ ತಂಡಕ್ಕೆ ಮುಂದಿನ ಭಾನುವಾರವೂ ಪಂದ್ಯ ಸಿಕ್ಕಾಗ. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಹುಟ್ಟಿದ್ದೇ ಈ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ ಎಂಬ ನಾಕೌಟ್ ಶುರುವಾದದ್ದು 1871ರಲ್ಲಿ. ಕಪ್ಪಿನಿಂದ ಬೇಗ ಹೊರಬಿದ್ದ ಕ್ಲಬ್ಬುಗಳಿಗೆ ಖಾತ್ರಿಯಾದ ಪಂದ್ಯಗಳೇ ಇರುತ್ತಿರಲಿಲ್ಲ. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಮುಂದಾಳತ್ವದಲ್ಲಿ 1888ರಲ್ಲಿ 12 ಕ್ಲಬ್ಬುಗಳು ಸೇರಿ ಮೊದಲ ಲೀಗ್ ಕಟ್ಟಿದವು. ನಮ್ಮ ಡ್ಯುರಾಂಡ್ ಕಪ್ ಶಿಮ್ಲಾದಲ್ಲಿ ಶುರುವಾದದ್ದೂ ಅದೇ ವರ್ಷ.

ಹಾಗಾಗಿ ಆರರಿಂದ ಎಂಟು ತಂಡ ಸಿಗುವ ಊರಿನಲ್ಲಿ ಲೀಗನ್ನೇ ಮೊದಲು ಯೋಚಿಸಿ. ಕಪ್ ಬೇಡವೆಂದಲ್ಲ, ಅದು ಕೊನೆಯ ಎರಡು ದಿನದ ಹಬ್ಬವಾಗಿರಲಿ.

ಎಷ್ಟು ಪಂದ್ಯ, ಎಷ್ಟು ದಿನ

ಲೆಕ್ಕ ಸರಳ. ನಾಕೌಟ್‌ನಲ್ಲಿ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಪಂದ್ಯ, ಏಕೆಂದರೆ ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಹೋಗಬೇಕು. ಎಂಟು ತಂಡಕ್ಕೆ 7 ಪಂದ್ಯ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡುವ ಲೀಗ್‌ನಲ್ಲಿ ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿ. ಎಂಟು ತಂಡಕ್ಕೆ 28 ಪಂದ್ಯ. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ಸೆಮಿಫೈನಲ್, ಫೈನಲ್ ಇಟ್ಟರೆ 12 ಮತ್ತು 3, ಒಟ್ಟು 15.

30 ನಿಮಿಷದ ಎರಡು ಅವಧಿ, ನಡುವೆ 10 ನಿಮಿಷ ವಿರಾಮ ಅಂದರೆ 70 ನಿಮಿಷ. ಗಾಯಕ್ಕೆ ನಿಂತ ಹೊತ್ತು, ಮುಂದಿನ ತಂಡ ಮೈ ಬಿಸಿ ಮಾಡಿಕೊಳ್ಳುವ ಹೊತ್ತು ಸೇರಿ ಒಂದು ಪಂದ್ಯಕ್ಕೆ ಒಂದೂವರೆ ಗಂಟೆ ಎಂದೇ ಹಿಡಿಯಿರಿ. ಬೆಳಗ್ಗೆ 8:30, 10:00, ಮಧ್ಯಾಹ್ನದ ಬಿಸಿಲು ಬಿಟ್ಟು 3:00, 4:30. ಒಂದು ಮೈದಾನದಲ್ಲಿ ದಿನಕ್ಕೆ ನಾಲ್ಕು ಪಂದ್ಯ, ಅದಕ್ಕಿಂತ ಹೆಚ್ಚು ತುರುಕಬೇಡಿ. ಡಿಸೆಂಬರ್‌ನಲ್ಲಿ ಸಂಜೆ ಆರರ ನಂತರ ಚೆಂಡು ಕಾಣುವುದಿಲ್ಲ. ಕೊನೆಯದು ನಾಕೌಟ್ ಪಂದ್ಯವಾದರೆ ಪೆನಾಲ್ಟಿಗೂ ಬೆಳಕು ಉಳಿಯಬೇಕು, ಅದನ್ನು 4:00ಕ್ಕೇ, ಅದರ ಹಿಂದಿನದನ್ನು 2:30ಕ್ಕೇ ಶುರುಮಾಡಿ. ಈ ಲೆಕ್ಕದಲ್ಲಿ ಎಂಟು ತಂಡದ ಲೀಗ್‌ಗೆ ಏಳು ಭಾನುವಾರ ಬೇಕು. ಕಾಯ್ದಿಟ್ಟ ಭಾನುವಾರ ಇನ್ನೆರಡು ಇರಲಿ.

ಎರಡು ದಿನದ ನಾಕೌಟ್ ನಡೆಸುವವರು ಇನ್ನೊಂದನ್ನು ಗಮನಿಸಬೇಕು. ಹದಿನಾರು ತಂಡ ಸೇರಿಸಿದರೆ ಫೈನಲ್ ಮುಟ್ಟುವ ತಂಡ ಎರಡು ದಿನದಲ್ಲಿ ನಾಲ್ಕು ಪಂದ್ಯ ಆಡುತ್ತದೆ. ಭಾನುವಾರ ಸಂಜೆ ಮೀನಖಂಡ ಹಿಡಿದು ಬೀಳುವುದು, ಸಿಟ್ಟಿಗೆ ಕಾಲು ಹಾಕುವುದು ಎಲ್ಲ ಈ ದಣಿವಿನಿಂದಲೇ. ಒಂದೇ ದಿನ ಒಂದು ತಂಡಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯ ಕೊಡಬೇಡಿ. ಎರಡರ ನಡುವೆ ಕನಿಷ್ಠ ಮೂರು ಗಂಟೆ ಬಿಡುವಿರಲಿ.

ಯಾವ ತಿಂಗಳು

ಮಲೆನಾಡಿನಲ್ಲಿ ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೈದಾನಕ್ಕೆ ಇಳಿಯುವ ಮಾತೇ ಇಲ್ಲ. ಇಳಿದರೂ ಹುಲ್ಲು ಕಿತ್ತು ಕೆಸರಾಗಿ ಆ ಮೈದಾನ ಬೇಸಿಗೆಯವರೆಗೂ ಗುಂಡಿಗುಂಡಿಯಾಗಿ ಉಳಿಯುತ್ತದೆ. ಅಕ್ಟೋಬರ್‌ನಿಂದ ಅಡಿಕೆ ಕೊಯ್ಲು, ನವೆಂಬರ್‌ನಲ್ಲಿ ಭತ್ತದ ಕೊಯ್ಲು, ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಹೆಚ್ಚುಕಡಿಮೆ ಫೆಬ್ರುವರಿವರೆಗೆ ಕಾಫಿ ಹಣ್ಣು ಬಿಡಿಸುವ ಕೆಲಸ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ರಜೆ ಇರುತ್ತದೆ, ಆದರೆ ಮಧ್ಯಾಹ್ನದ ನಂತರ ಗುಡುಗು ಮಳೆಯ ಭಯ.

ಎಲ್ಲ ತೂಗಿ ನೋಡಿದರೆ ಡಿಸೆಂಬರ್ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗಿನ ಭಾನುವಾರಗಳೇ ಲೀಗ್‌ಗೆ ಸರಿ. ಕೊಯ್ಲಿನ ಕೆಲಸ ಆಗಲೂ ಇರುತ್ತದೆ. ಅಡಿಕೆ ಕೊನೆ ಇಳಿಸುವ ಕೊನೆಗೌಡರ ಮನೆಯ ಹುಡುಗರು, ಅಡಿಕೆ ಸುಲಿಯುವ ಮನೆಗೆ ಹೋಗುವವರು ಕೆಲವು ಭಾನುವಾರ ಬರುವುದಿಲ್ಲ. ಅದಕ್ಕೆ ಪರಿಹಾರ ದಿನಾಂಕ ಬದಲಿಸುವುದಲ್ಲ, ಪ್ರತಿ ತಂಡದಿಂದ 18ರಿಂದ 20 ಹೆಸರು ನೋಂದಾಯಿಸಿಕೊಳ್ಳುವುದು. ಹದಿಮೂರು ಜನರ ಪಟ್ಟಿ ಕೊಟ್ಟ ತಂಡ ಮೂರನೇ ವಾರಕ್ಕೆ ಏಳು ಜನರೊಂದಿಗೆ ಬರುತ್ತದೆ, ಐದನೇ ವಾರ ಬರುವುದೇ ಇಲ್ಲ. ದಿನಾಂಕ ಗೊತ್ತುಮಾಡುವ ಮೊದಲು ಊರ ಜಾತ್ರೆ, ದೇವರ ಕಾರ್ಯಗಳ ದಿನ ಕೇಳಿ ಬರೆದುಕೊಳ್ಳಿ. ಜಾತ್ರೆ ಇರುವ ವರ್ಷ ಆ ಇಡೀ ವಾರ ಬಿಟ್ಟುಬಿಡಿ.

ಸಮಿತಿ ಮತ್ತು ಅನುಮತಿ

ಐದು ಜನ ಸಾಕು: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮೈದಾನ ನೋಡಿಕೊಳ್ಳುವವರು, ರೆಫರಿಗಳ ಜೊತೆ ಮಾತಾಡುವವರು. ಇದರ ಹೊರತಾಗಿ ದೂರು ಕೇಳಲು ಮೂವರ ಬೇರೆ ಸಮಿತಿ ಇರಲಿ. ಅದರಲ್ಲಿ ಆಡುವ ಯಾವ ತಂಡಕ್ಕೂ ಸೇರದವರೇ ಇರಬೇಕು: ನಿವೃತ್ತ ದೈಹಿಕ ಶಿಕ್ಷಕರು, ಹಳೆಯ ಆಟಗಾರರು. ಸಂಘಟಕರ ತಂಡವೂ ಆಡುತ್ತಿದ್ದರೆ ಇದು ಇನ್ನೂ ಮುಖ್ಯ, ಮೊದಲ ಅನುಮಾನ ಬರುವುದು ಅಲ್ಲಿಂದಲೇ.

ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ), ಕಾಲೇಜಿನದಾದರೆ ಪ್ರಾಂಶುಪಾಲರಿಗೆ, ಶಿವಮೊಗ್ಗದ ನೆಹರೂ ಕ್ರೀಡಾಂಗಣದಂಥ ಇಲಾಖೆಯ ಜಾಗವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಅರ್ಜಿಯಲ್ಲಿ ಕಾಯ್ದಿಟ್ಟ ಭಾನುವಾರಗಳೂ ಇರಬೇಕು. ಅದನ್ನು ಮರೆತವರು ಒಂದು ಪಂದ್ಯ ನಿಂತಾಗ ಮೈದಾನವಿಲ್ಲದೆ ಪರದಾಡುತ್ತಾರೆ. ಮೈಕ್ ಸೆಟ್‌ಗೆ ಪೊಲೀಸ್ ಠಾಣೆಯ ಅನುಮತಿ ಬೇಕು. ಜಿಲ್ಲೆಯ ಫುಟ್‌ಬಾಲ್ ಸಂಸ್ಥೆಗೂ ಒಂದು ಪತ್ರ ಕೊಡಿ, ರೆಫರಿಗಳು ಸಿಗುವುದು ಆ ದಾರಿಯಲ್ಲೇ. ಜೊತೆಗೆ ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಕ್ಲಬ್ಬಿಗೆ ಅಧಿಕೃತವಾಗಿ ನೋಂದಾಯಿತ ಆಟಗಾರರಿದ್ದರೆ ಆ ಕ್ಲಬ್ಬಿನ ಒಪ್ಪಿಗೆ ಪತ್ರ ಮೊದಲೇ ತರಿಸಿಕೊಳ್ಳಿ.

ಮೈದಾನ

ಹನ್ನೊಂದು ಜನರ ಆಟಕ್ಕೆ ನಿಯಮದ ಪ್ರಕಾರ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್. ಊರಿನ ಲೀಗ್‌ಗೆ 100ಕ್ಕೆ 60 ಒಳ್ಳೆಯ ಅಳತೆ. ಅಷ್ಟು ಜಾಗ ಇಲ್ಲದ ಶಾಲೆ ಮೈದಾನದಲ್ಲಿ ಹನ್ನೊಂದು ಜನರನ್ನು ತುಂಬಿಸಬೇಡಿ. ಚೆಂಡು ಸದಾ ಗಾಳಿಯಲ್ಲೇ ಇರುತ್ತದೆ, ತಲೆಗೆ ತಲೆ ಬಡಿಯುತ್ತದೆ. 60ಕ್ಕೆ 40 ಮೀಟರ್‌ನಲ್ಲಿ ಏಳು ಜನರ ಆಟ ಇಡಿ, ಗೋಲು 5 ಮೀಟರ್ ಅಗಲ, 2 ಮೀಟರ್ ಎತ್ತರ ಸಾಕು. ಆಫ್‌ಸೈಡ್ ಇದೆಯೋ ಇಲ್ಲವೋ ಎಂದು ಮೊದಲೇ ಬರೆದು ತಿಳಿಸಿ.

ಗೆರೆ ಹಾಕುವುದನ್ನು ಹಿಂದಿನ ಸಂಜೆಯೇ ಮುಗಿಸಿ. ಅದಕ್ಕೆ ಹಿಗ್ಗದ ನೈಲಾನ್ ಹಗ್ಗ, 50 ಮೀಟರ್ ಟೇಪು, ಎಂಟು ಗೂಟ, ಒಂದು ಸುತ್ತಿಗೆ ಬೇಕು. ಮೊದಲು ಒಂದು ಉದ್ದದ ಗೆರೆ ಎಳೆದು ಎರಡು ತುದಿಗೆ ಗೂಟ ಹೊಡೆಯಿರಿ. ಮೂಲೆ ನೇರ ಮಾಡಲು ಆ ಗೆರೆಯ ಮೇಲೆ ಮೂಲೆಯಿಂದ 8 ಮೀಟರ್‌ಗೆ ಒಂದು ಗುರುತು, ಅಡ್ಡ ಹಗ್ಗದ ಮೇಲೆ 6 ಮೀಟರ್‌ಗೆ ಇನ್ನೊಂದು ಗುರುತು ಮಾಡಿ. ಒಬ್ಬರು ಅಡ್ಡ ಹಗ್ಗ ಹಿಡಿದು ಅತ್ತಿತ್ತ ಸರಿಸುತ್ತಿರಲಿ. ಎರಡು ಗುರುತಿನ ನಡುವೆ ಟೇಪು ಸರಿಯಾಗಿ 10 ಮೀಟರ್ ತೋರಿಸಿದಾಗ ಮೂಲೆ ನೇರವಾಯಿತು. ನಾಲ್ಕೂ ಮೂಲೆ ಆದಮೇಲೆ ಕರ್ಣ ಅಳೆಯಿರಿ. 100ಕ್ಕೆ 60ರ ಮೈದಾನದಲ್ಲಿ ಎರಡೂ ಕರ್ಣ 116.6 ಮೀಟರ್ ಬರಬೇಕು. ಅರ್ಧ ಮೀಟರ್ ವ್ಯತ್ಯಾಸ ಬಂದರೆ ಯಾವುದೋ ಮೂಲೆ ಸೊಟ್ಟಗಿದೆ. ಈಗಲೇ ಸರಿಮಾಡಿ, ಪೆನಾಲ್ಟಿ ಚೌಕ ಹಾಕುವಾಗ ಗೊತ್ತಾದರೆ ಎಲ್ಲ ಅಳಿಸಬೇಕು.

ಒಳಗಿನ ಅಳತೆಗಳು: ಗೋಲು ಕಂಬಗಳ ನಡುವೆ 7.32 ಮೀಟರ್, ಅಡ್ಡ ಕಂಬದ ಕೆಳಗೆ 2.44 ಮೀಟರ್. ಕಂಬದ ಒಳಬದಿಯಿಂದ ಎರಡೂ ಕಡೆ 5.5 ಮೀಟರ್, ಮುಂದಕ್ಕೂ 5.5 ಅಂದರೆ ಗೋಲ್ ಏರಿಯಾ. ಅದೇ ಥರ 16.5 ಅಂದರೆ ಪೆನಾಲ್ಟಿ ಏರಿಯಾ. ಪೆನಾಲ್ಟಿ ಚುಕ್ಕೆ ಗೋಲಿನಿಂದ 11 ಮೀಟರ್. ಆ ಚುಕ್ಕೆಗೆ ಗೂಟ ಹೊಡೆದು 9.15 ಮೀಟರ್ ಹಗ್ಗ ಕಟ್ಟಿ ತಿರುಗಿಸಿದರೆ ಚೌಕದ ಹೊರಗಿನ ಕಮಾನು ಬರುತ್ತದೆ. ನಡು ವೃತ್ತಕ್ಕೂ ಅದೇ ಹಗ್ಗ. ಮೂಲೆಯ ಕಮಾನು 1 ಮೀಟರ್. ಮೂಲೆ ಬಾವುಟದ ಕೋಲು ಒಂದೂವರೆ ಮೀಟರ್‌ಗಿಂತ ಕಡಿಮೆ ಇರಕೂಡದು, ತುದಿ ಚೂಪಾಗಿರಕೂಡದು. ಎತ್ತರ ಕಡಿಮೆಯಾದರೆ ಓಡಿ ಬಂದವನ ಕಣ್ಣಿಗೆ, ಹೊಟ್ಟೆಗೆ ಚುಚ್ಚುತ್ತದೆ.

ಇಷ್ಟು ಗೆರೆ ಒಟ್ಟು ಸುಮಾರು 680 ಮೀಟರ್ ಆಗುತ್ತದೆ. ಪುಡಿ ಎಷ್ಟು ಬೇಕೆಂದು ತಿಳಿಯಲು 10 ಮೀಟರ್ ಹಾಕಿ ನೋಡಿ, ಖರ್ಚಾದದ್ದನ್ನು ತೂಗಿ 68ರಿಂದ ಗುಣಿಸಿ. ಪುಡಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮನೆಗೆ ಬಳಿಯುವ ಸುಣ್ಣ, ತೋಟಕ್ಕೆ ಹಾಕುವ ಸುಟ್ಟ ಸುಣ್ಣ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಬೆವರಿನ ಮೈ, ತರಚಿದ ಮಂಡಿಗೆ ಅದು ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸೀಮೆಸುಣ್ಣದ ಪುಡಿಯೇ ಆಗಬೇಕು. ಗೆರೆಯ ಅಗಲ 12 ಸೆಂಟಿಮೀಟರ್ ಮೀರಬಾರದು. ಗೆರೆಗಾಗಿ ಮಣ್ಣು ಅಗೆದು ಕಾಲುವೆ ಮಾಡುವ ಅಭ್ಯಾಸವಿದ್ದರೆ ಬಿಡಿ, ಕಾಲು ಮಡಚಿ ಬೀಳುವುದು ಅಲ್ಲೇ.

ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಜನವರಿಗೆ ಕಲ್ಲಿನಂತಾಗುತ್ತದೆ. ಹಿಂದಿನ ದಿನ ಟ್ಯಾಂಕರ್ ನೀರು ಹಾಯಿಸಿ, ಮೇಲೆದ್ದ ಜಲ್ಲಿ ಕಲ್ಲುಗಳನ್ನು ಸಾಲಾಗಿ ನಡೆದು ಹೆಕ್ಕಿಸಿ. ಹತ್ತು ಜನ ಭುಜಕ್ಕೆ ಭುಜ ತಾಗಿಸಿ ಒಮ್ಮೆ ಹೋಗಿ ಒಮ್ಮೆ ಬಂದರೆ ಗೋಲ್ ಮುಂದಿನ ಜಾಗ ಸ್ವಚ್ಛವಾಗುತ್ತದೆ. ಕೊಯ್ಲಾದ ಗದ್ದೆಯಲ್ಲಿ ಆಡಿಸುವುದಾದರೆ ಕೂಳೆ ಪೂರ್ತಿ ಸವರಿ, ಬದು ಗೆರೆಯಿಂದ ಕನಿಷ್ಠ 2 ಮೀಟರ್ ದೂರ ಇರುವಂತೆ ನೋಡಿ. ಚೆಂಡು 5ನೇ ಸೈಜಿನದು, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಗಾಳಿ 8.5ರಿಂದ 15.6 ಪಿಎಸ್‌ಐ ಒಳಗಿರಬೇಕು. ಗಟ್ಟಿ ನೆಲದಲ್ಲಿ 9ರ ಹತ್ತಿರ ಇಡಿ, ಇಲ್ಲವಾದರೆ ಚೆಂಡು ಪುಟಿದು ಪುಟಿದು ಆಟವೇ ಆಗುವುದಿಲ್ಲ. ದಿನಕ್ಕೆ ಮೂರು ಚೆಂಡು ಸಿದ್ಧವಿರಲಿ.

ಗೋಲು ಕಂಬ ಕಬ್ಬಿಣದ್ದಾಗಿ ಎತ್ತಿಡುವಂಥದ್ದಾದರೆ ಹಿಂಬದಿಯ ಪ್ರತಿ ಮೂಲೆಗೂ ಎರಡೆರಡು ಮರಳು ಚೀಲ ಹೇರಿ, ಗೂಟಕ್ಕೂ ಬಿಗಿಯಿರಿ. ವಿರಾಮದಲ್ಲಿ ಮಕ್ಕಳು ಅಡ್ಡ ಕಂಬಕ್ಕೆ ಜೋತುಬೀಳುತ್ತಾರೆ, ಗೋಲು ಮುಂದಕ್ಕೆ ಮಗುಚಿದರೆ ಜೀವಕ್ಕೇ ಕುತ್ತು. ಅಡಿಕೆ ಮರದ ಕಂಬ ನೆಟ್ಟರೆ ಸಿಬಿರು ಕೀಸಿ, ಗೋಣಿ ಸುತ್ತಿ, ಬಿಳಿ ಬಣ್ಣ ಬಳಿಯಿರಿ.

ಕಾಡಂಚಿನ ಮೈದಾನಕ್ಕೆ ಇನ್ನೊಂದು ಎಚ್ಚರಿಕೆ. ಡಿಸೆಂಬರ್‌ನಿಂದ ಮೇವರೆಗೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದೇ ಸೊರಬ ತಾಲ್ಲೂಕಿನಲ್ಲಿ. ಚೆಂಡು ಪೊದೆಗೆ ಹೋದಾಗ ಮಕ್ಕಳನ್ನು ಕಳಿಸಬೇಡಿ. ಆ ಬದಿಗೆ ಎತ್ತರದ ಬಲೆ ಕಟ್ಟಿ. ಚೆಂಡು ತರುವ ಒಬ್ಬರನ್ನು ಗೊತ್ತುಮಾಡಿ, ಅವರು ಉದ್ದ ತೋಳಿನ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡಿರಲಿ. ಸಂಜೆ ಮೈಮೇಲೆ ಉಣುಗು ಇದೆಯೇ ಎಂದು ನೋಡಿಕೊಳ್ಳಲು ಮೈಕಿನಲ್ಲೇ ಹೇಳಿ. ಹತ್ತಿರ ಮಂಗ ಸತ್ತ ಸುದ್ದಿ ಬಂದರೆ ಅಲ್ಲಿ ಆಡಿಸಲೇಬೇಡಿ.

ನೋಂದಣಿ

ತಂಡದ ಅರ್ಜಿಯಲ್ಲಿ ಪ್ರತಿ ಆಟಗಾರನ ಹೆಸರು, ಹುಟ್ಟಿದ ದಿನ, ಊರು, ಜೆರ್ಸಿ ಸಂಖ್ಯೆ, ಅಂಟಿಸಿದ ಫೋಟೊ ಇರಲಿ. ವಯಸ್ಸಿನ ಟೂರ್ನಮೆಂಟ್ ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ನೋಡಿ ವಾಪಸು ಕೊಡಿ, ಆಧಾರ್ ಜೆರಾಕ್ಸ್ ರಾಶಿ ಹಾಕಿಟ್ಟುಕೊಳ್ಳಬೇಡಿ. ಯಾವ ತಾರೀಕಿಗೆ ಎಷ್ಟು ವಯಸ್ಸು ಎಂದು ನಿಖರವಾಗಿ ಬರೆಯಿರಿ. ‘18 ವರ್ಷದೊಳಗಿನವರು’ ಎಂದಷ್ಟೇ ಹಾಕಿದರೆ ಟೂರ್ನಮೆಂಟ್ ನಡುವೆ ಹುಟ್ಟುಹಬ್ಬ ಬಂದವನ ಗತಿಯೇನು?

ಜಗಳ ಹೆಚ್ಚು ಹುಟ್ಟುವುದು ಹೊರಗಿನ ಆಟಗಾರರಿಂದ. ಸೆಮಿಫೈನಲ್‌ಗೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ನಾಲ್ವರನ್ನು ಇಳಿಸಿದರೆ ಲೀಗ್ ಪೂರ್ತಿ ಬೆವರು ಸುರಿಸಿದ ಊರ ಹುಡುಗರು ಬೆಂಚಿನಲ್ಲಿ ಕೂರುತ್ತಾರೆ. ಹೊರಗಿನವರು ಇಬ್ಬರಿಗೆ ಮಾತ್ರ ಅವಕಾಶ, ಅವರೂ ಮೊದಲ ಪಟ್ಟಿಯಲ್ಲೇ ಇರಬೇಕು, ನಾಕೌಟ್ ಆಡಬೇಕಾದರೆ ಲೀಗ್‌ನಲ್ಲಿ ಕನಿಷ್ಠ ಎರಡು ಪಂದ್ಯ ಆಡಿರಬೇಕು ಎಂದು ಹಾಕಿ. ಒಬ್ಬ ಆಟಗಾರ ಒಂದೇ ತಂಡಕ್ಕೆ. ಎರಡು ಪಟ್ಟಿಯಲ್ಲಿ ಒಂದೇ ಹೆಸರು ಕಂಡರೆ ಚೀಟಿ ಎತ್ತುವ ಮೊದಲೇ ಅವನನ್ನೇ ಕರೆದು ಕೇಳಿ ತೀರ್ಮಾನಿಸಿ.

ಪ್ರವೇಶ ಶುಲ್ಕದ ಜೊತೆಗೆ ಒಂದು ಠೇವಣಿಯನ್ನೂ ಪಡೆಯಿರಿ. ಎಲ್ಲ ಪಂದ್ಯಕ್ಕೂ ಬಂದ ತಂಡಕ್ಕೆ ಕೊನೆಯ ದಿನ ಅದು ವಾಪಸು. ಎರಡು ಪಂದ್ಯ ಸೋತ ಮೇಲೆ ‘ಇನ್ನೇನು ಸಿಗುವುದಿದೆ’ ಎಂದು ಬರುವುದನ್ನೇ ಬಿಡುವ ತಂಡಗಳನ್ನು ಕಟ್ಟಿಹಾಕುವ ದಾರಿ ಇದೇ.

ನಿಯಮದ ಹಾಳೆ

ಆಟದ ನಿಯಮ ಎಲ್ಲರಿಗೂ ಒಂದೇ, ಅದನ್ನು ನೀವು ಬರೆಯಬೇಕಿಲ್ಲ. ಟೂರ್ನಮೆಂಟ್‌ನ ನಿಯಮ ಮಾತ್ರ ನಿಮ್ಮದು. ಎರಡು ಪುಟದಲ್ಲಿ ಬರೆದು, ಚೀಟಿ ಎತ್ತುವ ದಿನ ಓದಿ ಹೇಳಿ, ಪ್ರತಿ ನಾಯಕನ ಸಹಿ ಹಾಕಿಸಿ. ಚೀಟಿ ಎತ್ತಿದ ಮೇಲೆ ಯಾವ ನಿಯಮ ಮಾಡಿದರೂ ಅದು ಯಾರೋ ಒಬ್ಬರ ಪರವಾಗಿ ಕಾಣುತ್ತದೆ.

ಗೆದ್ದರೆ 3, ಸಮವಾದರೆ 1. ಅಂಕ ಸಮವಾದಾಗ ಏನು ಎಂಬುದರಲ್ಲಿಯೇ ಹೆಚ್ಚಿನ ಹಾಳೆಗಳು ಸೋಲುವುದು. ಊರಿನ ಲೀಗ್‌ಗೆ ಮೊದಲು ಪರಸ್ಪರ ಪಂದ್ಯದ ಫಲ, ಆಮೇಲೆ ಒಟ್ಟು ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು, ಆಮೇಲೆ ಕಡಿಮೆ ಕಾರ್ಡು, ಕೊನೆಗೆ ಚೀಟಿ ಎಂಬ ಕ್ರಮ ಇಡಿ. ಗೋಲು ವ್ಯತ್ಯಾಸವನ್ನೇ ಮೊದಲು ಇಟ್ಟರೆ ಕೊಯ್ಲಿನ ವಾರ ಎಂಟೇ ಜನರೊಂದಿಗೆ ಬಂದ ತಂಡಕ್ಕೆ ಹನ್ನೊಂದು ಗೋಲು ಹೊಡೆದವರು ಕಪ್ಪನ್ನೇ ಕೊಂಡುಹೋಗುತ್ತಾರೆ. ಮೂರು ತಂಡ ಸಮವಾದರೆ ಆ ಮೂವರ ನಡುವಿನ ಪಂದ್ಯಗಳನ್ನಷ್ಟೇ ತೆಗೆದು ಚಿಕ್ಕ ಪಟ್ಟಿ ಮಾಡಿ. ಅ ಬ-ಯನ್ನು, ಬ ಕ-ಯನ್ನು, ಕ ಅ-ಯನ್ನು 1-0ಯಿಂದ ಗೆದ್ದಿದ್ದರೆ ಆ ಪಟ್ಟಿಯೂ ಸಮವೇ, ಆಗ ಮುಂದಿನ ಮೆಟ್ಟಿಲಿಗೆ ಹೋಗಿ.

ಹೊಸದಾಗಿ ಜಾಣತನದ ನಿಯಮ ಹೊಸೆಯಬೇಡಿ. 1994ರ ಜನವರಿಯಲ್ಲಿ ಕೆರಿಬಿಯನ್ ಕಪ್ ಅರ್ಹತಾ ಪಂದ್ಯದಲ್ಲಿ, ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲಿಗೆ ಎರಡು ಗೋಲಿನ ಬೆಲೆ ಎಂಬ ನಿಯಮವಿತ್ತು. ಗ್ರೆನಡಾ ವಿರುದ್ಧ ಎರಡು ಗೋಲಿನ ಅಂತರದಿಂದ ಗೆಲ್ಲಲೇಬೇಕಿದ್ದ ಬಾರ್ಬಡೋಸ್ 2-1ರಲ್ಲಿ ಮುಂದಿದ್ದಾಗ ತಾನೇ ತನ್ನ ಗೋಲಿಗೆ ಚೆಂಡು ಹೊಡೆದು 2-2 ಮಾಡಿಕೊಂಡಿತು. ಉಳಿದ ನಿಮಿಷಗಳಲ್ಲಿ ಗ್ರೆನಡಾ ಯಾವ ಕಡೆ ಗೋಲು ಹೊಡೆದರೂ ಮುಂದಕ್ಕೆ ಹೋಗುತ್ತಿತ್ತು, ಬಾರ್ಬಡೋಸ್ ಎರಡೂ ಗೋಲುಗಳನ್ನು ಕಾಯಬೇಕಾಯಿತು. ಹೆಚ್ಚುವರಿ ಅವಧಿಯ ಒಂದು ಗೋಲಿನಿಂದ 4-2 ಆಗಿ ಬಾರ್ಬಡೋಸ್ ಗೆದ್ದಿತು. ನಿಯಮ ಬರೆದವರು ಇದನ್ನು ಎಣಿಸಿಯೇ ಇರಲಿಲ್ಲ.

ಕೊನೆಯ ಸುತ್ತಿನ ಪಂದ್ಯಗಳನ್ನು ಆದಷ್ಟು ಒಂದೇ ಹೊತ್ತಿಗೆ ಇಡಿ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾದ ಪಂದ್ಯ ಮುಗಿದ ಮಾರನೇ ದಿನ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಆಡಿದವು. ಜರ್ಮನಿ 1-0ಯಿಂದ ಗೆದ್ದರೆ ಇಬ್ಬರೂ ಮುಂದಕ್ಕೆ ಎಂದು ಗೊತ್ತಿತ್ತು, ಹತ್ತನೇ ನಿಮಿಷದ ಗೋಲಿನ ನಂತರ ಹೆಚ್ಚುಕಡಿಮೆ ಆಟವೇ ನಿಂತಿತು, ಅಲ್ಜೀರಿಯಾ ಹೊರಬಿತ್ತು. ವಿಶ್ವಕಪ್ ಗುಂಪಿನ ಕೊನೆಯ ಪಂದ್ಯಗಳು ಒಟ್ಟಿಗೆ ನಡೆಯುವುದು ಅದಾದ ಮೇಲೆಯೇ. ಒಂದೇ ಮೈದಾನ ಇರುವವರು ಕೊನೆಯ ಭಾನುವಾರಕ್ಕೆ ಹತ್ತಿರದ ಶಾಲೆಯ ಇನ್ನೊಂದು ಮೈದಾನ ಕೇಳಿ ನೋಡಿ.

ಹಾಳೆಯಲ್ಲಿ ಬಿಡಬಾರದ ಉಳಿದವು ಇವು. ತಡವಾಗಿ ಬಂದರೆ 15 ನಿಮಿಷ ಕಾಯುವುದು, ಆಮೇಲೆ ವಾಕ್‌ಓವರ್, ಫಲ 3-0. ಏಳು ಜನರಿಗಿಂತ ಕಡಿಮೆ ಇದ್ದರೆ ಪಂದ್ಯ ಶುರುವಾಗುವುದಿಲ್ಲ. ಬದಲಿ ಆಟಗಾರರು ಎಷ್ಟು, ಹೊರಹೋದವನು ಮತ್ತೆ ಬರಬಹುದೇ. ಊರಿನ ಆಟದಲ್ಲಿ ಮತ್ತೆ ಬರಲು ಬಿಡುವುದೇ ಒಳ್ಳೆಯದು, ನಿಯಮವೂ ಅದಕ್ಕೆ ಅವಕಾಶ ಕೊಡುತ್ತದೆ. ಎರಡು ಪಂದ್ಯದಲ್ಲಿ ಎರಡು ಹಳದಿ ಬಂದರೆ ಮುಂದಿನ ಪಂದ್ಯ ಇಲ್ಲ, ಕೆಂಪು ಬಂದರೆ ಕನಿಷ್ಠ ಒಂದು ಪಂದ್ಯ ಇಲ್ಲ, ರೆಫರಿ ಮೇಲೆ ಕೈ ಮಾಡಿದರೆ ಟೂರ್ನಮೆಂಟ್‌ನಿಂದಲೇ ಹೊರಗೆ. ನಾಕೌಟ್ ಸಮವಾದರೆ ಹೆಚ್ಚುವರಿ ಅವಧಿ ಬೇಡ, ನೇರ ಐದೈದು ಪೆನಾಲ್ಟಿ. ಕೊನೆಯ ಶಿಳ್ಳೆ ಊದಿದಾಗ ಮೈದಾನದಲ್ಲಿದ್ದವರೇ ಒದೆಯಬೇಕು. ಒಂದು ತಂಡದಲ್ಲಿ ಜನ ಕಡಿಮೆಯಿದ್ದರೆ ಇನ್ನೊಂದು ತಂಡವೂ ಅಷ್ಟಕ್ಕೆ ಇಳಿಸಬೇಕು. ತನ್ನ ಪಂದ್ಯಗಳಲ್ಲಿ ಅರ್ಧದಷ್ಟೂ ಆಡದೆ ಹಿಂದೆ ಸರಿದ ತಂಡದ ಫಲಗಳನ್ನೆಲ್ಲ ಅಳಿಸಿಹಾಕಿ, ಅರ್ಧಕ್ಕಿಂತ ಹೆಚ್ಚು ಆಡಿದ್ದರೆ ಉಳಿದ ಪಂದ್ಯಗಳನ್ನು ಎದುರಾಳಿಗೆ 3-0 ಎಂದು ಕೊಡಿ. ಮಳೆಗೋ ಬೆಳಕಿಗೋ ನಿಂತ ಪಂದ್ಯ ಎರಡನೇ ಅವಧಿಯ ಅರ್ಧ ದಾಟಿದ್ದರೆ ಅದೇ ಫಲ, ಇಲ್ಲವಾದರೆ ಮರುಪಂದ್ಯ. ದೂರನ್ನು ಪಂದ್ಯ ಮುಗಿದ ಒಂದು ಗಂಟೆಯೊಳಗೆ ನಾಯಕನೇ ಲಿಖಿತವಾಗಿ, ಶುಲ್ಕದ ಜೊತೆ ಕೊಡಬೇಕು, ದೂರು ನಿಜವಾದರೆ ಶುಲ್ಕ ವಾಪಸು. ಗೋಲು ಆಯಿತೋ ಇಲ್ಲವೋ, ಪೆನಾಲ್ಟಿಯೋ ಅಲ್ಲವೋ ಎಂಬುದರ ಮೇಲೆ ದೂರು ಇಲ್ಲ, ರೆಫರಿ ಹೇಳಿದ್ದೇ ಕೊನೆ. ಮೊಬೈಲ್ ವಿಡಿಯೋ ನೋಡುವ ಬಾಗಿಲು ಒಮ್ಮೆ ತೆರೆದರೆ ಮುಚ್ಚಲು ಆಗುವುದಿಲ್ಲ.

ಚೀಟಿ ಎತ್ತಿ ಪಟ್ಟಿ ಮಾಡುವುದು

ಎಲ್ಲ ನಾಯಕರ ಎದುರಿಗೇ ಚೀಟಿ ಎತ್ತಿ. ಒಂದೇ ಅಳತೆಯ ಕಾಗದ, ಒಂದೇ ಥರ ಮಡಿಕೆ, ಸ್ಟೀಲ್ ಪಾತ್ರೆ, ಎತ್ತುವುದು ಯಾವ ತಂಡಕ್ಕೂ ಸೇರದ ಮಗು. ಬಂದ ಸಂಖ್ಯೆಯನ್ನು ಅಲ್ಲೇ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ.

ಲೀಗ್ ಪಟ್ಟಿಗೆ ಹಳೆಯ ಉಪಾಯವೊಂದಿದೆ. 1ನ್ನು ಕದಲಿಸದೆ ಉಳಿದ ಸಂಖ್ಯೆಗಳನ್ನು ಗಡಿಯಾರದಂತೆ ಒಂದೊಂದು ಜಾಗ ತಿರುಗಿಸಿ, ಮೇಲಿನ ಸಾಲನ್ನು ಕೆಳಗಿನ ಸಾಲಿನೊಂದಿಗೆ ಜೋಡಿಸುವುದು. ಆರು ತಂಡಕ್ಕೆ ಹೀಗೆ ಬರುತ್ತದೆ:

ಮೊದಲ ವಾರ: 1-6, 2-5, 3-4
ಎರಡನೇ ವಾರ: 1-5, 6-4, 2-3
ಮೂರನೇ ವಾರ: 1-4, 5-3, 6-2
ನಾಲ್ಕನೇ ವಾರ: 1-3, 4-2, 5-6
ಐದನೇ ವಾರ: 1-2, 3-6, 4-5

ಐದೇ ತಂಡ ಇದ್ದರೆ 6ರ ಜಾಗದಲ್ಲಿ ‘ಬಿಡುವು’ ಎಂದು ಬರೆಯಿರಿ, ಅದರ ಎದುರು ಬಂದವರಿಗೆ ಆ ವಾರ ರಜೆ. ಆ ರಜೆಯ ತಂಡವೇ ಅಂದು ಚೆಂಡು ತರುವುದು, ಸ್ಕೋರ್ ಬರೆಯುವುದು ಮಾಡಲಿ.

ನಾಕೌಟ್‌ನಲ್ಲಿ ತಂಡಗಳು 4, 8, 16 ಆಗದಿದ್ದರೆ ಕೆಲವರಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ ಕೊಡಬೇಕು. ಮುಂದಿನ ದೊಡ್ಡ ಸಂಖ್ಯೆಯಿಂದ ತಂಡಗಳ ಸಂಖ್ಯೆ ಕಳೆಯಿರಿ. ಹನ್ನೊಂದು ತಂಡಕ್ಕೆ 16ರಲ್ಲಿ 11 ಹೋದರೆ 5 ಬೈ. ಆರು ತಂಡ ಮೊದಲ ಸುತ್ತಿನಲ್ಲಿ ಮೂರು ಪಂದ್ಯ ಆಡುತ್ತವೆ, ಗೆದ್ದ ಮೂರು, ಬೈ ಪಡೆದ ಐದು ಸೇರಿ ಎಂಟು. ಎಲ್ಲ ಬೈಗಳನ್ನೂ ಮೊದಲ ಸುತ್ತಿನಲ್ಲೇ ಮುಗಿಸಿ. ‘ಸೆಮಿಫೈನಲ್‌ಗೆ ನೇರ ಬೈ’ ಎಂದು ಕೊಡುವುದು ಅನ್ಯಾಯ, ಒಂದೂ ಪಂದ್ಯ ಆಡದ ತಂಡ ಫೈನಲ್‌ನಿಂದ ಒಂದೇ ಹೆಜ್ಜೆ ದೂರದಲ್ಲಿ ನಿಲ್ಲುತ್ತದೆ. ಲೀಗ್ ನಡೆದ ಮೇಲೆ ಕಪ್ ಇಟ್ಟಿದ್ದರೆ ಬೈ ಮೇಲಿನ ಸ್ಥಾನದವರಿಗೆ ಸಲ್ಲಲಿ, ಆಗ ಯಾರೂ ಬಾಯಿ ತೆರೆಯುವುದಿಲ್ಲ.

ವೇಳೆ ಹಾಕುವಾಗ ಬಸ್ಸಿನ ಹೊತ್ತು ನೋಡಿ. ಶಿವಮೊಗ್ಗದಲ್ಲಿ ಆಟವಾದರೆ ಭದ್ರಾವತಿಯವರು 8:30ಕ್ಕೆ ಬರಬಲ್ಲರು, ಸಾಗರ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿ ಸುಮಾರು 60. ಅವರಿಗೆ 10:00ರ ನಂತರದ ಪಂದ್ಯ, ಹೊಸನಗರದವರಿಗೆ ಕತ್ತಲಾಗುವ ಮೊದಲು ಬಸ್ಸು ಸಿಗುವ 3:00ರ ಪಂದ್ಯ. ಆಗುಂಬೆ ತಪ್ಪಲಿನ ಕಡೆ ಆಟವಾದರೆ ಮಂಜು ಕರಗಿ ಹುಲ್ಲಿನ ಇಬ್ಬನಿ ಆರುವುದು ಒಂಬತ್ತರ ಮೇಲೆ, ಮೊದಲ ಪಂದ್ಯವನ್ನು 9:30ಕ್ಕೆ ಸರಿಸಿ.

ಹಣ

ಖರ್ಚನ್ನು ಎರಡು ಭಾಗ ಮಾಡಿ. ಒಮ್ಮೆ ಆಗುವುದು: ಬಲೆ, ಬಾವುಟ, ಚೆಂಡು, ಟ್ರೋಫಿ, ಫ್ಲೆಕ್ಸ್. ಪಂದ್ಯಕ್ಕೆ ಪಂದ್ಯಕ್ಕೆ ಆಗುವುದು: ಮೂವರು ರೆಫರಿಗಳ ಗೌರವಧನ ಮತ್ತು ಊಟ, ನೀರು, ಗೆರೆ ಪುಡಿ, ಐಸು. ಪಂದ್ಯವೊಂದಕ್ಕೆ 2,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಎಂಟು ತಂಡದ ನಾಕೌಟ್‌ಗೆ 14,000, ಲೀಗ್‌ಗೆ 56,000. ಈ ಗುಣಾಕಾರವನ್ನು ಮೊದಲು ಮಾಡದೆ ಲೀಗ್ ಘೋಷಿಸಿದವರು ನಾಲ್ಕನೇ ವಾರಕ್ಕೆ ರೆಫರಿಗಳಿಗೆ ಕೊಡಲು ದುಡ್ಡಿಲ್ಲದೆ ನಿಲ್ಲುತ್ತಾರೆ. ಒಂದೇ ದೊಡ್ಡ ಪ್ರಾಯೋಜಕರಿಗೆ ಜೋತುಬೀಳುವುದಕ್ಕಿಂತ ಭಾನುವಾರಕ್ಕೊಬ್ಬರು ಅಂಗಡಿಯವರನ್ನು ಹುಡುಕುವುದು ಸುಲಭ, ‘ಈ ವಾರದ ಪಂದ್ಯಗಳು ಇವರಿಂದ’ ಎಂದು ಮೈಕಿನಲ್ಲಿ ಹೇಳಿದರೆ ಅವರಿಗೂ ಸಂತೋಷ. ನಗದು ಬಹುಮಾನ ದೊಡ್ಡದು ಮಾಡಬೇಡಿ. ಆ ಹಣದಲ್ಲಿ ದೂರದ ತಂಡಗಳಿಗೆ ಬಸ್ ಚಾರ್ಜು ಕೊಡಿ. ದೊಡ್ಡ ಬಹುಮಾನ ಹೊರಗಿನ ಆಟಗಾರರನ್ನು ಕರೆಸುತ್ತದೆ, ಬಸ್ ಚಾರ್ಜು ಊರ ತಂಡವನ್ನು ಏಳನೇ ವಾರವೂ ಬರುವಂತೆ ಮಾಡುತ್ತದೆ.

ಪಂದ್ಯದ ದಿನ

ಪಂದ್ಯಕ್ಕೆ ಅರ್ಧ ಗಂಟೆ ಮೊದಲು ತಂಡದ ಪಟ್ಟಿ ಮೇಜಿಗೆ ಬರಬೇಕು. ಮೇಜಿನಲ್ಲಿ ಕೂತವರು ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಅರ್ಜಿಯ ಫೋಟೊ ಒಂದು ಕೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ಹೆಸರು ಕೇಳಿ ಗುರುತು ಹಾಕಬೇಕು. ಎದುರಾಳಿ ನಾಯಕನೂ ಪಕ್ಕದಲ್ಲಿ ನಿಂತು ನೋಡಲಿ. ಬೇರೆಯವನ ಹೆಸರಿನಲ್ಲಿ ಬಂದವನು ಹೆಸರು ಹೇಳುವಾಗಲೇ ತಡವರಿಸುತ್ತಾನೆ. ಇಲ್ಲಿ ಐದು ನಿಮಿಷ ಕಳೆದರೆ ಪಂದ್ಯ ಮುಗಿದ ಮೇಲಿನ ಎರಡು ಗಂಟೆಯ ಗದ್ದಲ ಉಳಿಯುತ್ತದೆ.

ಆಮೇಲೆ ರೆಫರಿ ಕಾಲು ನೋಡುತ್ತಾರೆ. ಮೊಣಕಾಲಿನ ಕೆಳಗಿನ ಮೂಳೆ ಕಾಯುವ ಶಿನ್‌ಗಾರ್ಡ್ ಕಡ್ಡಾಯ. ಎಲ್ಲರ ಬಳಿ ಇರುವುದಿಲ್ಲ, ಹಾಗಾಗಿ ಸಮಿತಿಯೇ ಕೆಲವು ಜೊತೆ ತಂದಿಟ್ಟಿರಲಿ. ಬರಿಗಾಲಲ್ಲಿ ಆಡಲು ಬಿಡಬೇಡಿ, ಎದುರಿನವನ ಸ್ಟಡ್ಸ್ ಬೆರಳಿನ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ಕಡಗ, ಉಂಗುರ, ಸರ, ಕಿವಿಯ ಓಲೆ ತೆಗೆಯಬೇಕು, ಪ್ಲಾಸ್ಟರ್ ಸುತ್ತಿದರೆ ನಡೆಯುವುದಿಲ್ಲ. ಜೆರ್ಸಿ ಬಣ್ಣ ಒಂದೇ ಆದರೆ ಕೊಡಲು ಜೆರ್ಸಿಯ ಮೇಲೆ ಹಾಕುವ ಬೇರೆ ಬಣ್ಣದ 14 ಬಿಬ್ಸ್ ಇರಲಿ.

ಮೇಜಿನ ಕೆಳಗೆ ಥರ್ಮೊಕೋಲ್ ಡಬ್ಬದಲ್ಲಿ ಐಸು ಬೇಕೇಬೇಕು. ಮೀನಿನ ಅಂಗಡಿಯಲ್ಲಿ ಬೆಳಗ್ಗೆಯೇ ಹೇಳಿಟ್ಟರೆ ಸಿಗುತ್ತದೆ. ಬ್ಯಾಂಡೇಜು, ಸ್ಪ್ಲಿಂಟು, ಸ್ಟ್ರೆಚರ್, ನಿಂತಲ್ಲೇ ಸಿದ್ಧವಿರುವ ಒಂದು ವಾಹನ, ಅದರ ಚಾಲಕ ಯಾರು ಎಂಬುದು ಎಲ್ಲರಿಗೂ ಗೊತ್ತಿರಲಿ. 108ಕ್ಕೆ ಕರೆ ಮಾಡುವವರು ಒಬ್ಬರೇ ಇರಲಿ, ಮೈದಾನದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಹಿಂದಿನ ದಿನವೇ ನೋಡಿಡಿ. ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದವನನ್ನೂ ಆ ದಿನ ಮತ್ತೆ ಆಡಿಸಬೇಡಿ, ಅವನು ‘ಏನೂ ಆಗಿಲ್ಲ’ ಎಂದರೂ ಸರಿ. ಗುಡುಗು ಕೇಳಿದರೆ ಆಟ ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ, ಮರದ ಕೆಳಗಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆಯೇ ಮತ್ತೆ ಶುರು.

ಅತಿಥಿಗಳ ಭಾಷಣವನ್ನು 10:00ರ ಪಂದ್ಯ ಮತ್ತು 3:00ರ ಪಂದ್ಯದ ನಡುವಿನ ಬಿಡುವಿಗೆ ಇಡಿ. ಅತಿಥಿ ಬರಲಿಲ್ಲವೆಂದು ಒಂದು ಗಂಟೆ ತಡವಾಗಿ ಶುರುವಾದ ಮೊದಲ ಪಂದ್ಯ ಸಂಜೆಯ ಪಂದ್ಯವನ್ನು ಕತ್ತಲೆಗೆ ತಳ್ಳುತ್ತದೆ.

ಪಂದ್ಯ ಮುಗಿದ ಕೂಡಲೇ ಫಲ, ಗೋಲು ಹೊಡೆದವರು, ಕಾರ್ಡುಗಳನ್ನು ಬರೆದು ಇಬ್ಬರು ನಾಯಕರ ಮತ್ತು ರೆಫರಿಯ ಸಹಿ ಪಡೆಯಿರಿ. ಅಂದು ರಾತ್ರಿಯೇ ಅಂಕಪಟ್ಟಿ ಮತ್ತು ಮುಂದಿನ ವಾರ ಆಡಕೂಡದವರ ಹೆಸರನ್ನು ವಾಟ್ಸಾಪ್ ಗುಂಪಿಗೆ ಹಾಕಿ. ಗುಂಪಿನಲ್ಲಿ ಸಮಿತಿಯವರಷ್ಟೇ ಬರೆಯುವಂತೆ ಇರಲಿ.

ಮುಗಿದ ಮೇಲೆ

ಒಂದು ವಾರದೊಳಗೆ ಜಮಾ ಖರ್ಚಿನ ಹಾಳೆ ಎಲ್ಲ ನಾಯಕರಿಗೆ ಕಳಿಸಿ, ಠೇವಣಿ ಹಿಂದಿರುಗಿಸಿ. ನಿಯಮದ ಹಾಳೆಯಲ್ಲಿ ಈ ಬಾರಿ ಯಾವ ಸಾಲು ಗೊಂದಲ ಮಾಡಿತೋ ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿಡಿ, ಮುಂದಿನ ವರ್ಷ ಆ ಹಾಳೆಯಿಂದಲೇ ಶುರುಮಾಡಿ. ಕೊನೆಯ ಭಾನುವಾರ ಸಂಜೆ ಟ್ರೋಫಿ ಹಂಚಿದ ಮೇಲೆ ಮನೆಗೆ ಹೋಗುವ ಮೊದಲು ಎಂಟೂ ಗೂಟಗಳನ್ನು ಎಣಿಸಿ ಕೀಳಿರಿ, ಬಾವುಟದ ಗುಂಡಿಗಳಿಗೆ ಮಣ್ಣು ತುಂಬಿ ತುಳಿದು ಗಟ್ಟಿಮಾಡಿ. ಸೋಮವಾರ ಬೆಳಗ್ಗೆ ಶಾಲೆಯ ಮಕ್ಕಳು ಅದೇ ಮೈದಾನದಲ್ಲಿ ಬರಿಗಾಲಲ್ಲಿ ಓಡುತ್ತಾರೆ.